‘ಗೆಟ್’ ಅಂದರೆ ಏನು ಅಂತ ಕೇಳಬೇಡಿ, ಅದರ ಮುಂದೆ ಏನಿದೆ ನೋಡಿ

ಕಾರವಾರದಲ್ಲಿ ಒಂದು ಮಧ್ಯಾಹ್ನ ನಡೆದದ್ದು ಇದು. ಪರಿಚಯದವರ ಮನೆಗೆ ಬಂದಿದ್ದ ಒಬ್ಬ ಬ್ರಿಟಿಷ್ ಪ್ರವಾಸಿಗೆ ಕಾಳಿ ನದಿ ಸಮುದ್ರ ಸೇರುವ ಜಾಗ ತೋರಿಸುವ ಕೆಲಸ ನನ್ನ ತಲೆಗೆ ಬಿತ್ತು. ತಿರುಗಾಟ ಆಯಿತು, ಮೀನು ಊಟ ಆಯಿತು, ಸೋಲ್ಕಡಿ ಎರಡೆರಡು ಲೋಟ ಆಯಿತು. ಆಗ ಆತ ‘ಐ ವಿಲ್ ಗೆಟ್ ದಿಸ್’ ಅಂದ. ಬಿಲ್ ತರೋಕೆ ಏಳುತ್ತಿದ್ದಾನೆ ಅಂದುಕೊಂಡು ನಾನು ‘ನೋ ನೋ, ಸಪ್ಲೈಯರ್ ವಿಲ್ ಬ್ರಿಂಗ್, ಯೂ ಸಿಟ್’ ಅಂದೆ. ಆತ ನಕ್ಕು ಮತ್ತೆ ಅದನ್ನೇ ಹೇಳಿದ. ನಾನು ಮತ್ತೆ ಕೂರಿಸಿದೆ. ಕೊನೆಗೆ ಬಿಲ್ ಬಂತು, ಆತ ದುಡ್ಡು ಕೊಟ್ಟ, ಆಗ ನನಗೆ ಹೊಳೆಯಿತು. ‘ಇದರ ದುಡ್ಡು ನಾನು ಕೊಡುತ್ತೇನೆ’ ಅಂತ ಅವನು ಎರಡು ಸಲ ಹೇಳಿದ್ದ. ಸಂಜೆ ಹೊತ್ತು ನಾಲ್ಕು ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುವ ನನಗೇ ಮೂರಕ್ಷರದ ಶಬ್ದ ಕೈಕೊಟ್ಟಿತ್ತು.

ಮನೆಗೆ ಹೋಗಿ ಡಿಕ್ಷನರಿ ತೆಗೆದೆ. ಗೆಟ್‌ಗೆ ಪುಟಗಟ್ಟಲೆ ಅರ್ಥ. ಸಿಗು, ಪಡೆ, ತರು, ಆಗು, ತಲುಪು, ಹಿಡಿ, ಒಪ್ಪಿಸು, ಅರ್ಥವಾಗು, ಇನ್ನೂ ಏನೇನೋ. ಇದನ್ನು ಬಾಯಿಪಾಠ ಮಾಡಿ ಇಂಗ್ಲಿಷ್ ಕಲಿತವರನ್ನು ನಾನಂತೂ ನೋಡಿಲ್ಲ.

ಈಗ ನಮ್ಮ ಶಿರಸಿ ಕಡೆಯ ‘ಅಡ್ಡಿಲ್ಲೆ’ ತಗೊಳ್ಳಿ. ಊಟ ಹೇಗಿತ್ತು? ಅಡ್ಡಿಲ್ಲೆ. ನಾಳೆ ಬರ್ತೀಯಾ? ಅಡ್ಡಿಲ್ಲೆ. ಮೈ ಹುಷಾರಿದೆಯಾ? ಅಡ್ಡಿಲ್ಲೆ. ಹುಡುಗ ಹೇಗಿದ್ದಾನೆ? ಅಡ್ಡಿಲ್ಲೆ. ಬೆಂಗಳೂರಿನಿಂದ ಬಂದವರು ಕಣ್ಣು ಕಣ್ಣು ಬಿಡುತ್ತಾರೆ, ಇದು ಹೌದೋ ಅಲ್ಲವೋ ಅಂತ. ನಮಗೆ ಒಂದು ದಿನವೂ ಗೊಂದಲ ಆಗಿಲ್ಲ, ಯಾಕೆಂದರೆ ನಾವು ಶಬ್ದ ನೋಡಲಿಲ್ಲ, ಅದು ಯಾವ ಪ್ರಶ್ನೆಯ ಪಕ್ಕ ಕೂತಿದೆ ಅಂತ ನೋಡಿದೆವು. ಗೆಟ್‌ಗೂ ಇದೇ ಉಪಾಯ. ಅದರ ಮುಂದೆ ಕೂತ ಶಬ್ದ ನೋಡಿದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ಇನ್ನೊಂದು ಸಮಾಧಾನದ ಸಂಗತಿ ಏನೆಂದರೆ, ಗೆಟ್ ಮಾಡುವ ಹೆಚ್ಚಿನ ಕೆಲಸಗಳನ್ನು ಕನ್ನಡದಲ್ಲಿ ‘ಸಿಗು’, ‘ಆಗು’ ಮತ್ತು ‘ಇಸು’ ಅನ್ನುವ ಪ್ರತ್ಯಯ ಹಂಚಿಕೊಂಡು ಮಾಡುತ್ತವೆ. ಇವು ನಿಮಗೆ ಈಗಾಗಲೇ ಬರುತ್ತವೆ.

ಅಂದ ಹಾಗೆ ಗೆಟ್ ಇಂಗ್ಲಿಷಿನ ಹುಟ್ಟುಮಗು ಅಲ್ಲ. ಹಡಗಿನಲ್ಲಿ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ಉತ್ತರದ ನಾರ್ಸ್ ಜನರ ‘ಗೆಟಾ’ ಅನ್ನುವ ಶಬ್ದದಿಂದ ಬಂದದ್ದು. ಮೊದಲಿನ ಅರ್ಥ ಕೈಗೆ ಸಿಗುವುದು, ಪಡೆಯುವುದು. ‘ಫರ್ಗೆಟ್’ನಲ್ಲಿ ಇರುವ ಗೆಟ್ ಕೂಡ ಇದರ ನೆಂಟನೇ, ಕೈಗೆ ಸಿಕ್ಕಿದ್ದು ತಪ್ಪಿ ಹೋದರೆ ಮರೆವು. ಆ ‘ಕೈಗೆ ಸಿಗು’ ಅನ್ನುವ ಚಿತ್ರ ತಲೆಯಲ್ಲಿಟ್ಟುಕೊಂಡೇ ಶುರು ಮಾಡೋಣ.

ಮೊದಲನೇ ಹೆಜ್ಜೆ: ಮುಂದೆ ವಸ್ತು ಇದೆಯಾ?

ಗೆಟ್ ಮುಂದೆ ಒಂದು ವಸ್ತುವಿನ ಹೆಸರು ಬಂದರೆ ಅರ್ಥ ‘ಸಿಗು’ ಅಥವಾ ‘ತರು’. ‘ಐ ಗಾಟ್ ಎ ಲೆಟರ್’, ನನಗೆ ಪತ್ರ ಬಂತು (ಗಾಟ್ ಅಂದರೆ ಗೆಟ್‌ನ ಭೂತಕಾಲ). ‘ಗೆಟ್ ಸಮ್ ಮಿಲ್ಕ್’, ಹಾಲು ತಗೊಂಡು ಬಾ. ಇದರಲ್ಲಿ ಕಷ್ಟ ಇಲ್ಲ, ಒಂದು ಕಡೆ ಮಾತ್ರ ನಾವು ಎಡವುತ್ತೇವೆ. ಕನ್ನಡದಲ್ಲಿ ಸಿಗುವುದು ವಸ್ತು, ನಾವು ಬರೀ ‘ನನಗೆ’. ಇಂಗ್ಲಿಷಿನಲ್ಲಿ ‘ನನಗೆ’ ಇಲ್ಲ, ‘ನಾನು’ ಮುಂದೆ ಬಂದು ನಿಲ್ಲುತ್ತದೆ. ನನಗೆ ಜ್ವರ ಬಂತು ಅನ್ನುವುದನ್ನು ಒಬ್ಬ ಹುಡುಗ ‘ಫೀವರ್ ಕೇಮ್ ಟು ಮಿ’ ಅಂತ ರಜಾ ಚೀಟಿಯಲ್ಲಿ ಬರೆದಿದ್ದ. ಜ್ವರ ಬಸ್ ಹತ್ತಿ ಬಂದ ಹಾಗೆ. ‘ಐ ಗಾಟ್ ಎ ಫೀವರ್’ ಅಂದರೆ ಸಾಕು. ಹಾಗಾಗಿ ಕನ್ನಡದಲ್ಲಿ ‘ನನಗೆ ಸಿಕ್ಕಿತು, ನನಗೆ ಬಂತು’ ಅಂತ ಬಾಯಿಗೆ ಬಂದಾಗಲೆಲ್ಲ ‘ಐ ಗಾಟ್’ ಹೊಂದುತ್ತದಾ ಅಂತ ಒಮ್ಮೆ ನೋಡಿ. ಕೆಲಸ ಸಿಕ್ಕಿತು, ಅಂಕ ಬಂತು, ಫೋನ್ ಬಂತು, ಸೀಟ್ ಸಿಕ್ಕಿತು, ಎಲ್ಲದಕ್ಕೂ ಹೊಂದುತ್ತದೆ.

ಕೈಗೆ ಸಿಗುವುದು ಮಾತೂ ಆಗಬಹುದು. ‘ಐ ಗೆಟ್ ಇಟ್’ ಅಂದರೆ ಅರ್ಥ ಆಯಿತು. ‘ಐ ಡೋಂಟ್ ಗೆಟ್ ದ ಜೋಕ್’ ಅಂದರೆ ಜೋಕ್ ನನ್ನ ತಲೆಗೆ ಹೋಗಲಿಲ್ಲ. ಬಾಗಿಲು ಬಡಿದಾಗ ‘ಐ ವಿಲ್ ಗೆಟ್ ಇಟ್’ ಅಂದರೆ ಬಾಗಿಲು ನಾನು ತೆಗೆಯುತ್ತೇನೆ, ಫೋನ್ ರಿಂಗ್ ಆದಾಗ ಅಂದರೆ ಫೋನ್ ನಾನು ಎತ್ತುತ್ತೇನೆ, ಬಿಲ್ ಹೊತ್ತಿಗೆ ಅಂದರೆ, ಹಾಂ, ಗೊತ್ತಾಯಿತಲ್ಲ. ಮೂರೂ ಕಡೆ ಒಂದೇ ಎಳೆ: ಈ ಕೆಲಸ ನನ್ನ ಕೈಗಿರಲಿ.

ಎರಡನೇ ಹೆಜ್ಜೆ: ಮುಂದೆ ಗುಣ ಇದೆಯಾ?

ಇದು ಎಲ್ಲಕ್ಕಿಂತ ಉಪಯೋಗದ ಹೆಜ್ಜೆ, ಆದರೆ ಇದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ವೆಟ್, ಡಾರ್ಕ್, ಟಯರ್ಡ್, ಆಂಗ್ರಿ, ಓಲ್ಡ್ ಅನ್ನುವಂಥ ಶಬ್ದ ಗೆಟ್ ಮುಂದೆ ಬಂದರೆ ಕಣ್ಣು ಮುಚ್ಚಿ ‘ಆಗು’ ಹಾಕಿ. ‘ಐ ಗಾಟ್ ವೆಟ್’, ಒದ್ದೆಯಾದೆ. ‘ಇಟ್ಸ್ ಗೆಟಿಂಗ್ ಡಾರ್ಕ್’, ಕತ್ತಲಾಗುತ್ತಿದೆ. ‘ಶಿ ಗಾಟ್ ಟಯರ್ಡ್’, ಅವಳಿಗೆ ಸುಸ್ತಾಯಿತು.

‘ಇರು’ ಮತ್ತು ‘ಆಗು’ ನಡುವಿನ ವ್ಯತ್ಯಾಸ ನಮಗೆ ಹುಟ್ಟಿನಿಂದ ಗೊತ್ತು. ಒದ್ದೆ ಇದೆ ಬೇರೆ, ಒದ್ದೆ ಆಯಿತು ಬೇರೆ. ‘ಬಿ’ (ಇಸ್, ಆಮ್, ವಾಸ್) ಮತ್ತು ‘ಗೆಟ್’ ನಡುವೆ ಇರುವುದೂ ಅದೇ. ‘ದ ರೋಡ್ ಇಸ್ ವೆಟ್’, ರಸ್ತೆ ಒದ್ದೆ ಇದೆ, ಮಳೆ ಯಾವಾಗ ಬಂತೋ ಗೊತ್ತಿಲ್ಲ. ‘ದ ರೋಡ್ ಗಾಟ್ ವೆಟ್’, ಒಣಗಿತ್ತು, ಈಗ ಒದ್ದೆಯಾಯಿತು. ಜುಲೈನಲ್ಲಿ ಕುಮಟಾದಿಂದ ದೇವಿಮನೆ ಘಾಟಿ ಹತ್ತಿ ಶಿರಸಿಗೆ ಹೋಗಿ ನೋಡಿ, ಕಿಟಕಿ ಹತ್ತಿರ ಕೂತರೆ ದಾರಿಯುದ್ದಕ್ಕೂ ಈ ಎರಡನ್ನೂ ಅಭ್ಯಾಸ ಮಾಡಬಹುದು: ಕತ್ತಲಾಯಿತು, ಚಳಿಯಾಯಿತು, ಶರ್ಟು ಒದ್ದೆಯಾಯಿತು, ಹಸಿವಾಯಿತು. ಇಟ್ ಗಾಟ್ ಡಾರ್ಕ್, ಇಟ್ ಗಾಟ್ ಕೋಲ್ಡ್, ಮೈ ಶರ್ಟ್ ಗಾಟ್ ವೆಟ್, ಐ ಗಾಟ್ ಹಂಗ್ರಿ.

ಆದರೆ ಇಲ್ಲೊಂದು ಗುಂಡಿ ಇದೆ. ‘ಆಗು’ ಜೊತೆ ಮನುಷ್ಯನ ಕೆಲಸವೋ ಹುದ್ದೆಯೋ ಇದ್ದರೆ ಗೆಟ್ ನಡೆಯುವುದಿಲ್ಲ. ಅವನು ಮಾಸ್ತರ ಆದ ಅನ್ನುವುದಕ್ಕೆ ‘ಹಿ ಗಾಟ್ ಎ ಟೀಚರ್’ ಅಂದರೆ ಅವನಿಗೆ ಒಬ್ಬ ಮಾಸ್ತರು ಸಿಕ್ಕರು ಅಂತ ಆಗುತ್ತದೆ. ಅಲ್ಲಿ ‘ಬಿಕೇಮ್’ ಹಾಕಬೇಕು. ಹುಳಿ ಆದ ಹಾಲಿಗೆ ಇಂಗ್ಲಿಷಿನವರು ‘ಟರ್ನ್ಡ್ ಸವರ್’ ಅನ್ನುತ್ತಾರೆ, ಹಾಳಾದ ಮೀನಿಗೆ ‘ವೆಂಟ್ ಬ್ಯಾಡ್’. ಇದಕ್ಕೆ ಕಾರಣ ಹುಡುಕಬೇಡಿ. ಮದುವೆಗೆ ಮಾತ್ರ ನಮ್ಮ ದಾರಿಯೇ: ಮದುವೆ ಆಯಿತು, ‘ಗಾಟ್ ಮ್ಯಾರೀಡ್’. ‘ಗಾಟ್ ಮ್ಯಾರೇಜ್’ ಅಲ್ಲ, ಮತ್ತೆ ಯಾರ ಜೊತೆ ಅಂತ ಹೇಳುವಾಗ ‘ವಿತ್’ ಅಲ್ಲ, ‘ಟು’.

ಇಲ್ಲೇ ಇನ್ನೊಂದು ವಿಷಯ. ನಿದ್ದೆ ಬರ್ತಾ ಇದೆ ಅನ್ನುವುದಕ್ಕೆ ‘ಐ ಆಮ್ ಗೆಟಿಂಗ್ ಸ್ಲೀಪ್’ ಅನ್ನುತ್ತೇವೆ. ‘ಸ್ಲೀಪಿ’ ಅನ್ನಬೇಕು. ‘ಐ ಆಮ್ ಗೆಟಿಂಗ್ ಎ ಡೌಟ್’ ಅನ್ನುವುದು ನಮ್ಮ ಕ್ಲಾಸ್‌ರೂಮುಗಳ ರಾಷ್ಟ್ರಗೀತೆ. ಡೌಟ್ ಬರ್ತಾ ಇದೆ ಅನ್ನುವುದರ ಪಕ್ಕಾ ಅನುವಾದ. ‘ಐ ಹ್ಯಾವ್ ಎ ಕ್ವೆಶ್ಚನ್’ ಅಂದರೆ ಎಲ್ಲ ದೇಶದಲ್ಲೂ ನಡೆಯುತ್ತದೆ. ‘ಐ ಆಮ್ ನಾಟ್ ಗೆಟಿಂಗ್’ ಅಂತ ಅಷ್ಟಕ್ಕೇ ನಿಲ್ಲಿಸುವುದೂ ಬೇಡ. ಏನು ಸಿಗುತ್ತಿಲ್ಲ, ಕಾಸೋ, ಸಿಗ್ನಲ್ಲೋ, ಪಾಠವೋ? ಮುಂದೆ ಒಂದು ಶಬ್ದ ಇಲ್ಲದಿದ್ದರೆ ಗೆಟ್ ಹೆಚ್ಚಾಗಿ ಅಲ್ಲೇ ಸಿಕ್ಕಿಬೀಳುತ್ತದೆ.

ಮೂರನೇ ಹೆಜ್ಜೆ: ಮುಂದೆ ಊರು ಇದೆಯಾ?

ಆಗ ‘ತಲುಪು’. ‘ವಾಟ್ ಟೈಮ್ ಡಸ್ ದ ಬಸ್ ಗೆಟ್ ಟು ಅಂಕೋಲಾ?’ ಬಸ್ ಅಂಕೋಲಾ ಎಷ್ಟು ಹೊತ್ತಿಗೆ ಮುಟ್ಟುತ್ತದೆ? ಊರಿನ ಹೆಸರಿಗೆ ‘ಟು’ ಬೇಕು. ಹೋಮ್, ಹಿಯರ್, ದೇರ್ ಈ ಮೂರಕ್ಕೆ ‘ಟು’ ಬೇಡ. ‘ರೀಚ್’ಗಂತೂ ಎಲ್ಲೂ ಬೇಡ, ‘ರೀಚ್ಡ್ ಟು ಶಿರಸಿ’ ತಪ್ಪು, ‘ಗಾಟ್ ಟು ಶಿರಸಿ’ ಸರಿ. ದಾರಿ ಕೇಳುವವರು ಹೆಚ್ಚಾಗಿ ‘ಹೌ ಡೂ ಐ ಗೆಟ್ ಟು ದ ಸ್ಟೇಷನ್?’ ಅಂತಲೇ ಕೇಳುತ್ತಾರೆ. ಕಾರವಾರದ ರೈಲ್ವೆ ಸ್ಟೇಷನ್ ಪೇಟೆಯಲ್ಲಿ ಇಲ್ಲ, ಶಿರವಾಡದಲ್ಲಿದೆ, ಹಾಗಾಗಿ ಈ ಪ್ರಶ್ನೆ ನಿಮಗೂ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ‘ಗೆಟ್ ಆ್ಯನ್ ಆಟೋ’ ಅನ್ನಿ, ಸಾಕು.

ನಾಲ್ಕನೇ ಹೆಜ್ಜೆ: ಮುಂದೆ ಆನ್, ಆಫ್, ಅಪ್, ಓವರ್ ಥರದ ಬಾಲ ಇದೆಯಾ?

ಇದು ದೊಡ್ಡ ಸಂತೆ. ಎಲ್ಲವನ್ನೂ ಒಂದೇ ದಿನ ಹೊತ್ತುಕೊಳ್ಳಲು ಹೋಗಬೇಡಿ. ದಿನಾ ಬಳಸುವ ನಾಲ್ಕಾರು ಸಾಕು.

ಹತ್ತುವುದು, ಇಳಿಯುವುದರಿಂದ ಶುರು ಮಾಡಿ. ಒಳಗೆ ಎದ್ದು ನಿಂತು ಓಡಾಡಬಹುದಾದ ಗಾಡಿಗೆ ‘ಗೆಟ್ ಆನ್, ಗೆಟ್ ಆಫ್’: ಬಸ್ಸು, ರೈಲು, ಹಡಗು. ಬಗ್ಗಿ ಒಳಗೆ ತೂರಿ ಕೂರಬೇಕಾದದ್ದಕ್ಕೆ ‘ಗೆಟ್ ಇನ್, ಗೆಟ್ ಔಟ್’: ಕಾರು, ಆಟೋ. ಬೈಕಿಗೆ, ಕುದುರೆಗೆ ಮೇಲೇರಿ ಕೂರುವುದರಿಂದ ‘ಆನ್’. ನಮ್ಮ ಕರಾವಳಿಯವರಿಗೆ ಇದು ದೋಣಿಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಸಣ್ಣ ಪಾತಿ ದೋಣಿಗೆ ‘ಗೆಟ್ ಇನ್’, ಯಾಕೆಂದರೆ ಕೂರದಿದ್ದರೆ ಮಗುಚುತ್ತದೆ. ತದಡಿಯಿಂದ ಅಘನಾಶಿನಿ ಕಡೆಗೆ ದಾಟಿಸುವ ಫೆರಿಗೆ ‘ಗೆಟ್ ಆನ್’.

‘ಗೆಟ್ ಡೌನ್’ ಬಗ್ಗೆ ಒಂದು ಮಾತು. ಬಸ್ಸಿನಿಂದ ಇಳಿ ಅನ್ನುವುದಕ್ಕೆ ನಾವೆಲ್ಲ ಹೇಳುವುದು ಇದನ್ನೇ. ಭಾರತದಲ್ಲಿ ಎಲ್ಲರಿಗೂ ತಿಳಿಯುತ್ತದೆ, ತಪ್ಪು ಅಂತ ಬೈಯುವವರ ಪಕ್ಷ ನಾನಲ್ಲ. ಆದರೆ ಇಂಗ್ಲೆಂಡಿನವನಿಗೆ ‘ಗೆಟ್ ಡೌನ್!’ ಅಂತ ಜೋರಾಗಿ ಹೇಳಿದರೆ ಅವನು ತಲೆ ಬಗ್ಗಿಸಿ ಕೂತರೂ ಕೂತ, ಏನೋ ಹಾರಿ ಬರುತ್ತಿದೆ ಅಂದುಕೊಂಡು. ಅವನಿಗೆ ‘ಗೆಟ್ ಆಫ್ ಹಿಯರ್’ ಅನ್ನಿ. ಅವರಿಗೂ ನಮ್ಮ ‘ಹತ್ತು’ ಇಷ್ಟೇ ಕಷ್ಟ, ಚಿಂತೆ ಬೇಡ. ಬಸ್ ಹತ್ತು, ಗುಡ್ಡ ಹತ್ತು, ಬೆಂಕಿ ಹತ್ತಿತು, ಊಟ ಬಾಯಿಗೆ ಹತ್ತಲಿಲ್ಲ, ಅಳೋಕೆ ಹತ್ತಿದ, ಅದು ಸಾಲದು ಅಂತ ಒಂಬತ್ತಾದ ಮೇಲೆ ಹತ್ತು.

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ‘ಗೆಟ್ ಅಪ್’ ಏಳು. ‘ಗೆಟ್ ಬ್ಯಾಕ್’ ವಾಪಸ್ ಬಾ. ‘ಗೆಟ್ ಅಲಾಂಗ್’ ಹೊಂದಿಕೊಂಡು ಹೋಗು, ಅತ್ತೆ ಸೊಸೆ ವಿಷಯದಲ್ಲಿ ಬಹಳ ಬೇಕಾಗುವ ಶಬ್ದ. ‘ಗೆಟ್ ಬೈ’ ಹೇಗೋ ಸುಧಾರಿಸು; ಅಡಿಕೆ ದರ ಬಿದ್ದ ವರ್ಷ ನಮ್ಮ ಮನೆಗಳಲ್ಲಿ ನಡೆಯುವುದು ಅದೇ. ‘ಗೆಟ್ ಓವರ್’ ಜ್ವರದಿಂದ, ದುಃಖದಿಂದ ಚೇತರಿಸಿಕೊ. ‘ಗೆಟ್ ಅವೇ ವಿತ್’ ತಪ್ಪು ಮಾಡಿಯೂ ಬಚಾವಾಗು. ‘ಗೆಟ್ ಥ್ರೂ’ ಫೋನ್ ಲೈನ್ ಸಿಗು. ಗುಡ್ಡದ ನೆತ್ತಿಗೆ ಹೋದರೆ ಮಾತ್ರ ಮೊಬೈಲ್ ಹಿಡಿಯುವ ಊರಿನವರು ‘ಐ ಕುಡಂಟ್ ಗೆಟ್ ಥ್ರೂ’ ಅನ್ನುವ ವಾಕ್ಯ ಇವತ್ತೇ ಕಲಿತುಬಿಡಿ, ದಿನಕ್ಕೆ ನಾಲ್ಕು ಸಲ ಬೇಕಾಗುತ್ತದೆ.

ಐದನೇ ಹೆಜ್ಜೆ: ಕೆಲಸ ನೀವು ಮಾಡಿದಿರೋ, ಮಾಡಿಸಿದಿರೋ?

ಇದನ್ನು ನಿಧಾನಕ್ಕೆ ಓದಿ. ಕನ್ನಡದಲ್ಲಿ ‘ಮಾಡು’ ಪಕ್ಕಕ್ಕೆ ‘ಮಾಡಿಸು’ ಇದೆ, ‘ಕಟ್ಟು’ ಪಕ್ಕಕ್ಕೆ ‘ಕಟ್ಟಿಸು’, ‘ಹೊಡೆ’ ಪಕ್ಕಕ್ಕೆ ‘ಹೊಡೆಸು’. ಇಂಗ್ಲಿಷ್ ಕ್ರಿಯಾಪದಕ್ಕೆ ಇಂಥ ಬಾಲ ಇಲ್ಲ. ಅದಕ್ಕೆ ಅವರು ಗೆಟ್ ಕರೆಯುತ್ತಾರೆ.

ತೋಟಕ್ಕೆ ಮದ್ದು ಹೊಡೆಸಿದೆವು ಅನ್ನುವುದನ್ನು ನೋಡಿ. ಮಳೆಗಾಲದಲ್ಲಿ ಕೊಳೆ ರೋಗ ಬರಬಾರದು ಅಂತ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸುತ್ತೇವಲ್ಲ, ಮರ ಹತ್ತುವವರು ಕೊನೆಗೌಡರು, ನಾವು ಕೆಳಗೆ ನಿಂತು ಕತ್ತು ನೋಯಿಸಿಕೊಳ್ಳುವವರು. ಆದರೆ ಇಂಗ್ಲಿಷಿನಲ್ಲಿ ‘ವಿ ಸ್ಪ್ರೇಯ್ಡ್ ದ ಗಾರ್ಡನ್’ ಅಂತ ಹೇಳಿ ಅವರ ಶ್ರಮವನ್ನೂ ನಮ್ಮ ಹೆಸರಿಗೆ ಬರೆದುಕೊಳ್ಳುತ್ತೇವೆ. ‘ವಿ ಗಾಟ್ ದ ಗಾರ್ಡನ್ ಸ್ಪ್ರೇಯ್ಡ್’ ಅನ್ನಬೇಕು. ಕ್ರಮ ನೋಡಿಕೊಳ್ಳಿ: ಮೊದಲು ಗಾಟ್, ಆಮೇಲೆ ವಸ್ತು, ಕೊನೆಗೆ ಆದ ಕೆಲಸ. ‘ಐ ಗಾಟ್ ಮೈ ಹೇರ್ ಕಟ್’, ಕ್ಷೌರ ಮಾಡಿಸಿಕೊಂಡೆ. ‘ಐ ಗಾಟ್ ಕಟ್ ಮೈ ಹೇರ್’ ಅಂತ ಉಲ್ಟಾ ಹಾಕಿದರೆ ಕೇಳುವವನು ಕ್ಷೌರದ ಬದಲು ಗಾಯದ ಬಗ್ಗೆ ಯೋಚಿಸುತ್ತಾನೆ.

ಯಾರಿಂದ ಮಾಡಿಸಿದಿರಿ ಅಂತಲೂ ಹೇಳಬೇಕಾದರೆ ‘ಟು’ ಬರುತ್ತದೆ. ‘ಐ ಗಾಟ್ ಹಿಮ್ ಟು ಕಮ್’. ಇದರಲ್ಲಿ ಒಂದು ಸಣ್ಣ ರುಚಿ ಇದೆ. ‘ಐ ಮೇಡ್ ಹಿಮ್ ಕಮ್’ ಅಂದರೆ ಒತ್ತಾಯ ಮಾಡಿ ಬರಿಸಿದೆ. ‘ಐ ಗಾಟ್ ಹಿಮ್ ಟು ಕಮ್’ ಅಂದರೆ ಎರಡು ಸಲ ಫೋನ್ ಮಾಡಿ, ಚಾ ಕೊಟ್ಟು, ಅಂತೂ ಇಂತೂ ಒಪ್ಪಿಸಿ ಬರಿಸಿದೆ. ಕೊಯ್ಲಿನ ಹೊತ್ತಿಗೆ ಕೊನೆಗೌಡರನ್ನು ಕರೆಸಿದವರಿಗೆ ಇವೆರಡರಲ್ಲಿ ಯಾವುದು ಸರಿ ಅಂತ ನಾನು ಹೇಳಬೇಕಾಗಿಲ್ಲ.

ಆರನೇ ಹೆಜ್ಜೆ: ಮುಂದೆ ‘ಸ್ಟಕ್, ಕಾಟ್, ಬ್ರೋಕನ್’ ಥರದ್ದು ಇದೆಯಾ?

ನಮ್ಮ ಮೇಲೆ ಬಂದು ಬಿದ್ದದ್ದನ್ನು ಹೇಳಲು ಇದು. ‘ವಿ ಗಾಟ್ ಸ್ಟಕ್’, ಸಿಕ್ಕಿಹಾಕಿಕೊಂಡೆವು. ‘ಹಿ ಗಾಟ್ ಟ್ರಾನ್ಸ್‌ಫರ್ಡ್’, ಅವನಿಗೆ ವರ್ಗ ಆಯಿತು. ‘ಐ ಗಾಟ್ ಚೀಟೆಡ್’, ಮೋಸ ಹೋದೆ.

ಆದರೆ ತನ್ನಷ್ಟಕ್ಕೆ ಆಗುವ ಕೆಲಸಕ್ಕೆ ಗಾಟ್ ಬೇಡ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿತ್ತಲ್ಲ, ಮರುದಿನ ನನ್ನ ಫೋನಿಗೆ ಬಂದ ಮೆಸೇಜುಗಳಲ್ಲಿ ಅರ್ಧಕ್ಕರ್ಧ ‘ಬ್ರಿಡ್ಜ್ ಗಾಟ್ ಕೊಲ್ಯಾಪ್ಸ್ಡ್’ ಅಂತಲೇ ಇತ್ತು. ‘ದ ಬ್ರಿಡ್ಜ್ ಕೊಲ್ಯಾಪ್ಸ್ಡ್’ ಅಂದರೆ ಮುಗಿಯಿತು. ಸೇತುವೆ ಕುಸಿಯಿತು, ಲಾರಿ ಬಿತ್ತು, ಇವಕ್ಕೆ ಗಾಟ್ ಬೇಕಾಗಿಲ್ಲ. ಚಾಲಕನನ್ನು ಬೇರೆಯವರು ಮೇಲೆತ್ತಿ ಉಳಿಸಿದರು, ಅಲ್ಲಿ ‘ಗಾಟ್ ರೆಸ್ಕ್ಯೂಡ್’ ಅಂದರೆ ನಡೆಯುತ್ತದೆ, ‘ವಾಸ್ ರೆಸ್ಕ್ಯೂಡ್’ ಇನ್ನೂ ಚೆಂದ. ಪರೀಕ್ಷೆ ಸುಲಭ: ಕನ್ನಡದಲ್ಲಿ ‘ಸೇತುವೆಯನ್ನು ಯಾರು ಕುಸಿದರು?’ ಅಂತ ಕೇಳಿ ನೋಡಿ. ಪ್ರಶ್ನೆಯೇ ತಮಾಷೆ ಅನಿಸಿದರೆ ಗಾಟ್ ಬಿಡಿ. ‘ಗಾಟ್ ಡೈಡ್’, ‘ಗಾಟ್ ಹ್ಯಾಪನ್ಡ್’, ‘ಗಾಟ್ ಎಕ್ಸ್‌ಪೈರ್ಡ್’ ಮೂರೂ ಇದೇ ಜರಡಿಯಲ್ಲಿ ಉದುರಿ ಹೋಗುತ್ತವೆ.

ಏಳನೇ ಹೆಜ್ಜೆ: ‘ಗಾಟ್ ಟು’ ಬಂದರೆ ಒಂದು ನಿಮಿಷ ನಿಲ್ಲಿ

‘ಗೆಟ್ ಟು’ ಮುಂದೆ ಕ್ರಿಯಾಪದ ಬಂದರೆ ಅವಕಾಶ ಸಿಗು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಹಾಗಾಗಿ ‘ವಿ ಗೆಟ್ ಟು ಸೀ ಇಟ್ ಎವ್ರಿ ಟೂ ಇಯರ್ಸ್’, ಎರಡು ವರ್ಷಕ್ಕೊಮ್ಮೆ ನೋಡಲು ಸಿಗುತ್ತದೆ. ಆದರೆ ‘ಐ ಹ್ಯಾವ್ ಗಾಟ್ ಟು ಗೋ’ ಅಂದರೆ ಅವಕಾಶ ಅಲ್ಲ, ಹೋಗಲೇಬೇಕು. ಒಂದರಲ್ಲಿ ಖುಷಿ, ಇನ್ನೊಂದರಲ್ಲಿ ಕರ್ಮ. ಮಾತಿನಲ್ಲಿ ಆ ‘ಹ್ಯಾವ್’ ಕರಗಿ ಬರೀ ‘ಐ ಗಾಟ್ಟಾ ಗೋ’ ಅಂತ ಕೇಳಿಸುವುದರಿಂದ ಗೊಂದಲ ಜಾಸ್ತಿ.

‘ಹ್ಯಾವ್ ಗಾಟ್’ ಮುಂದೆ ವಸ್ತುವೋ ಮನುಷ್ಯರೋ ಇದ್ದರೆ ಸುಮ್ನೆ ‘ಇದೆ’ ಅಂತ ಅರ್ಥ. ‘ಐ ಹ್ಯಾವ್ ಗಾಟ್ ಟೂ ಬ್ರದರ್ಸ್’, ನನಗೆ ಇಬ್ಬರು ಅಣ್ಣತಮ್ಮಂದಿರು. ಗಾಟ್ ಇದೆ ಅಂತ ಇದನ್ನು ಭೂತಕಾಲದ ಮಾತು ಅಂದುಕೊಳ್ಳಬೇಡಿ, ಅಣ್ಣತಮ್ಮಂದಿರು ಈಗಲೂ ಇದ್ದಾರೆ. ಅಮೆರಿಕದವರು ‘ಗಾಟನ್’ ಅನ್ನುವುದೂ ಕಿವಿಗೆ ಬೀಳುತ್ತದೆ. ಅದು ಹೊಸ ಫ್ಯಾಶನ್ ಅಲ್ಲ, ಇಂಗ್ಲಿಷಿನಲ್ಲಿ ಹಿಂದೆ ಇದ್ದ ರೂಪವನ್ನೇ ಅವರು ಉಳಿಸಿಕೊಂಡದ್ದು.

ಎಲ್ಲಿ ಬಳಸಬಾರದು ಅಂತ ಕೇಳಿದರೆ, ಅರ್ಜಿಯಲ್ಲಿ. ಬ್ಯಾಂಕಿಗೆ, ತಹಶೀಲ್ದಾರರಿಗೆ, ನೌಕರಿಗೆ ಬರೆಯುವಾಗ ಪತ್ರ ತಲುಪಿದ್ದಕ್ಕೆ ‘ರಿಸೀವ್ಡ್’, ದಾಖಲೆ ಪಡೆದದ್ದಕ್ಕೆ ‘ಅಬ್ಟೇನ್ಡ್’ ಅನ್ನಿ. ಗೆಟ್ ತಪ್ಪಲ್ಲ, ಆದರೆ ಮದುವೆ ಮನೆಗೆ ಲುಂಗಿ ಉಟ್ಟು ಹೋದ ಹಾಗೆ ಕಾಣುತ್ತದೆ. ಮಾತಿನಲ್ಲಿ ಇದರ ಉಲ್ಟಾ. ಮೀನು ಪೇಟೆಯಲ್ಲಿ ನಿಂತು ‘ವೇರ್ ಕ್ಯಾನ್ ಐ ಅಬ್ಟೇನ್ ಬಂಗಡೆ?’ ಅಂದರೆ ಬಂಗಡೆಗೂ ನಗು ಬಂದೀತು.

ಇನ್ನು ಅಭ್ಯಾಸ. ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ದಿನಕ್ಕೆ ಐದೇ ಗೆಟ್ ಹಿಡಿಯಿರಿ, ಕ್ರಿಕೆಟ್ ಕಾಮೆಂಟರಿಯಿಂದ, ಸಿನಿಮಾದಿಂದ, ಬಸ್ಸಿನಲ್ಲಿ ಪ್ರವಾಸಿಗರು ಮಾತಾಡುವುದರಿಂದ. ವಾಕ್ಯ ಬರೆದು ಗೆಟ್ ಮುಂದಿನ ಶಬ್ದಕ್ಕೆ ಮಾತ್ರ ಅಡಿಗೆರೆ ಹಾಕಿ. ಪಕ್ಕದಲ್ಲಿ ಕನ್ನಡ ಬರೆಯಿರಿ, ನಿಮ್ಮ ಮನೆಮಾತಿನಲ್ಲೇ ಆದರೆ ಇನ್ನೂ ಒಳ್ಳೆಯದು, ಹವ್ಯಕವೋ ಕೊಂಕಣಿಯೋ ಆದರೂ ಅಡ್ಡಿಲ್ಲ. ನನ್ನ ಹುಡುಗರಲ್ಲಿ ಒಬ್ಬಳು ಕೊಂಕಣಿಯಲ್ಲೇ ಬರೆದಳು, ಎಲ್ಲರಿಗಿಂತ ಬೇಗ ಕಲಿತಳು.

ಈಗ ಇದನ್ನು ಇಂಗ್ಲಿಷಿಗೆ ಹಾಕಿ, ಕೆಳಗಿನ ಉತ್ತರ ಆಮೇಲೆ ನೋಡಿ. ಕುಮಟಾದಲ್ಲಿ ಬಸ್ ಹತ್ತಿದೆ. ಸೀಟ್ ಸಿಕ್ಕಿತು. ಘಾಟಿಯಲ್ಲಿ ಸಿಕ್ಕಿಹಾಕಿಕೊಂಡೆವು. ಕತ್ತಲಾಯಿತು. ಮನೆಗೆ ಫೋನ್ ಮಾಡಿದೆ, ಲೈನ್ ಸಿಗಲಿಲ್ಲ. ಕಂಡಕ್ಟರನ್ನು ಒಪ್ಪಿಸಿ ಲೈಟ್ ಹಾಕಿಸಿದೆ. ಶಿರಸಿ ಮುಟ್ಟುವಾಗ ಒಂಬತ್ತು ಗಂಟೆ.

ಉತ್ತರ: ಐ ಗಾಟ್ ಆನ್ ದ ಬಸ್ ಇನ್ ಕುಮಟಾ. ಐ ಗಾಟ್ ಎ ಸೀಟ್. ವಿ ಗಾಟ್ ಸ್ಟಕ್ ಆನ್ ದ ಘಾಟ್. ಇಟ್ ಗಾಟ್ ಡಾರ್ಕ್. ಐ ಕಾಲ್ಡ್ ಹೋಮ್ ಬಟ್ ಕುಡಂಟ್ ಗೆಟ್ ಥ್ರೂ. ಐ ಗಾಟ್ ದ ಕಂಡಕ್ಟರ್ ಟು ಪುಟ್ ದ ಲೈಟ್ ಆನ್. ಇಟ್ ವಾಸ್ ನೈನ್ ವೆನ್ ವಿ ಗಾಟ್ ಟು ಶಿರಸಿ. ಕೊನೆಯದರಲ್ಲಿ ‘ರೀಚ್ಡ್ ಟು’ ಅಂತ ಬರೆದಿದ್ದರೆ ಮೂರನೇ ಹೆಜ್ಜೆಗೆ ವಾಪಸ್ ಹೋಗಿ.